ಥಿನ್ನರ್ ಸ್ಯಾಂಪಲ್: ಸಾಫ್ಟ್‌ವೇರ್ ಒಂದೇ ಹೆಸರು ಹೇಳುತ್ತೆ, ನಂಬಬಹುದಾ?

ಪೀಣ್ಯ_ಕ್ಯೂಸಿ:
ನಮಸ್ಕಾರ. ಚಿಕ್ಕ ಪೇಂಟ್ ಯೂನಿಟ್‌ನಲ್ಲಿ ಕ್ಯೂಸಿ (ಗುಣಮಟ್ಟ ತಪಾಸಣೆ) ನೋಡಿಕೊಳ್ಳುತ್ತೇನೆ. ಹೊಸ ಸಪ್ಲೈಯರ್ ಕಳಿಸಿದ ಥಿನ್ನರ್ ಅನ್ನು ಎಫ್‌ಟಿಐಆರ್‌ನಲ್ಲಿ (ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ಗೆರೆ ಬರೆಯುವ ಯಂತ್ರ) ಹಾಕಿದೆ, ಡೈಮಂಡ್ ಎಟಿಆರ್ (ಹನಿಯನ್ನು ವಜ್ರದ ಮೇಲಿಟ್ಟು ಅಳೆಯುವ ವಿಧಾನ). ಲೈಬ್ರರಿ ಸರ್ಚ್ (ಗೊತ್ತಿರುವ ವಸ್ತುಗಳ ಗೆರೆಗಳ ಜೊತೆ ಹೋಲಿಕೆ) ಕೊಟ್ಟರೆ ‘ಈಥೈಲ್ ಅಸಿಟೇಟ್, 84’ ಅನ್ನುತ್ತದೆ. ಡ್ರಮ್ ತೆಗೆದರೆ ಟಾಲ್ವಿನ್ ಎಂಬ ಬೇರೆ ಸಾಲ್ವೆಂಟ್‌ನ ವಾಸನೆ ಹೊಡೆಯುತ್ತದೆ. 84 ಅಂದರೆ 84% ಅಂತಾನಾ?

ಮೈಸೂರು_ಸ್ಪೆಕ್ಟ್ರಾ:
ಅಲ್ಲ ಸರ್. ಎರಡು ಗೆರೆಗಳ ಆಕಾರ ಎಷ್ಟು ಹೋಲುತ್ತದೆ ಅನ್ನುವ ಅಂಕ ಅದು, ಅಷ್ಟೇ. ಮಾಮೂಲಿ ಸರ್ಚ್ ನಿಮ್ಮ ಸ್ಯಾಂಪಲ್ ಒಂದೇ ವಸ್ತು ಅಂದುಕೊಂಡು ಹುಡುಕುತ್ತದೆ. ಈಥೈಲ್ ಅಸಿಟೇಟ್ ಒಂದು ಎಸ್ಟರ್; ಅದರ 1741, 1240 (ಗೆರೆಯ ಮೇಲಿನ ಜಾಗ, cm⁻¹ನಲ್ಲಿ) ಪೀಕ್‌ಗಳು ದೊಡ್ಡವು, ಗೆದ್ದುಬಿಡುತ್ತವೆ.

ಈಥೈಲ್ ಅಸಿಟೇಟ್‌ನ ಗೆರೆಯನ್ನು, ಅಂದರೆ ಸ್ಪೆಕ್ಟ್ರಮ್ ಅನ್ನು, ಕಳೆದು, ಉಳಿದದ್ದನ್ನು ಮತ್ತೆ ಸರ್ಚ್ ಮಾಡಿ. ಅಬ್ಸಾರ್ಬೆನ್ಸ್‌ನಲ್ಲೇ (ಹೀರಿದ ಬೆಳಕಿನ ಅಳತೆ) ಕಳೆಯಬೇಕು, %ಟ್ರಾನ್ಸ್‌ಮಿಟೆನ್ಸ್‌ನಲ್ಲಿ (ದಾಟಿ ಬಂದ ಬೆಳಕಿನ ಶೇಕಡಾ) ಕಳೆದರೆ ಅರ್ಥವಿಲ್ಲ. 728, 694 ಎದ್ದು ಕಂಡರೆ ಟಾಲ್ವಿನ್ ಇದೆ ಅನ್ನಿ. 1715ರ ಹತ್ತಿರ ಭುಜದಂತೆ ಉಬ್ಬಿದ್ದರೆ ಅಸಿಟೋನ್ ಅನುಮಾನ.

ಮೆಥನಾಲ್ ಎಂಬ ಆಲ್ಕೋಹಾಲ್ ಮಾತ್ರ ಕಳ್ಳ. ಅದರ 1030ರ ಪೀಕ್ ಈಥೈಲ್ ಅಸಿಟೇಟ್‌ನ 1047ರ ಮಗ್ಗುಲಲ್ಲೇ ಅಡಗಿರುತ್ತದೆ. 3300ರಲ್ಲಿ ಅಗಲವಾದ ಉಬ್ಬು ಇದ್ದು, 1640ರಲ್ಲಿ ಏನೂ ಇಲ್ಲದಿದ್ದರೆ ಅದು ನೀರಲ್ಲ, ಯಾವುದೋ ಆಲ್ಕೋಹಾಲ್.

ನಾನು ಮಾಡುವ ಒಂದು ಉಪಾಯ: ಹನಿಯನ್ನು ಮುಚ್ಚದೆ ಬಿಟ್ಟು, ಕೆಲವು ಸೆಕೆಂಡಿಗೊಮ್ಮೆ ಸ್ಕ್ಯಾನ್ ತೆಗೆಯುತ್ತಾ ಹೋಗಿ. ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಟಾಲ್ವಿನ್ 110ಕ್ಕೆ. ಬೇಗ ಆರುವುದು ಬೇಗ ಮಾಯ. ಒಟ್ಟಿಗೆ ಕುಗ್ಗುವ ಪೀಕ್‌ಗಳು ಹೆಚ್ಚಾಗಿ ಒಂದೇ ವಸ್ತುವಿನವು. ಸಾಫ್ಟ್‌ವೇರ್‌ಗೆ ಇದಕ್ಕಿಂತ ಒಳ್ಳೆ ಸುಳಿವು ಬೇಕಾ? ಮುಖ್ಯ ಸ್ಯಾಂಪಲ್‌ಗೆ ಮಾತ್ರ ಮುಚ್ಚಳ ಹಾಕಿ. ಮತ್ತೆ, ಡ್ರಮ್‌ಗೆ ಮೂಗಿಟ್ಟು ಮೂಸುವುದನ್ನು ದಯವಿಟ್ಟು ಬಿಡಿ!

ಪೈಥಾನ್_ಪುಟ್ಟ:
ಸೈಪೈನಲ್ಲಿ (ಪೈಥಾನ್‌ನ ಗಣಿತ ಪ್ಯಾಕೇಜ್) ಎನ್‌ಎನ್‌ಎಲ್‌ಎಸ್ ಎಂಬ ಲೆಕ್ಕದ ವಿಧಾನ ಇದೆ. ಶುದ್ಧ ಸ್ಪೆಕ್ಟ್ರಾ ಎಲ್ಲ ಕೊಟ್ಟರೆ, ಯಾವುದು ಎಷ್ಟು ಪಾಲು ಅಂತ ಮೈನಸ್ ಬಾರದಂತೆ ಹೊಂದಿಸುತ್ತದೆ. ನಿಸ್ಟ್ ವೆಬ್‌ಬುಕ್‌ನಿಂದ (ಅಮೆರಿಕದ ಮಾಪನ ಸಂಸ್ಥೆಯ ತಾಣ) ಫೈಲ್ ಪುಕ್ಕಟೆ ಸಿಗುತ್ತವೆ.

ಮೈಸೂರು_ಸ್ಪೆಕ್ಟ್ರಾ:
ಅಲ್ಲೇ ಎಡವುವುದು. ಅದರಲ್ಲಿ ಬಹಳಷ್ಟು ಗ್ಯಾಸ್ ಫೇಸ್‌ನವು. ಆವಿಯಲ್ಲಿ ಆಲ್ಕೋಹಾಲ್‌ನ ಓಎಚ್ ಪೀಕ್ 3650ರ ಆಸುಪಾಸು ಚೂಪಾಗಿರುತ್ತದೆ, ದ್ರವದಲ್ಲಿ 3300ಕ್ಕೆ ಇಳಿದು ಅಗಲವಾಗುತ್ತದೆ. ಎಟಿಆರ್‌ನಲ್ಲಿ ಪೀಕ್‌ಗಳ ಎತ್ತರದ ಅನುಪಾತವೂ ಬದಲಾಗುತ್ತದೆ. ನಿಮ್ಮ ಸ್ಟೋರ್‌ನ ಶುದ್ಧ ಸಾಲ್ವೆಂಟ್‌ಗಳನ್ನು ನಿಮ್ಮ ಮಷೀನ್‌ನಲ್ಲೇ ಓಡಿಸಿ ಸ್ವಂತ ಲೈಬ್ರರಿ ಮಾಡಿಕೊಳ್ಳಿ. ಲೈಬ್ರರಿಯಲ್ಲಿ ಇಲ್ಲದ ವಸ್ತು ಸ್ಯಾಂಪಲ್‌ನಲ್ಲಿದ್ದರೆ ಎನ್‌ಎನ್‌ಎಲ್‌ಎಸ್ ಅದರ ಪೀಕ್‌ಗಳನ್ನು ಪಕ್ಕದವನ ತಲೆಗೆ ಕಟ್ಟುತ್ತದೆ. ಕೊನೆಗೆ ಏನು ಉಳಿಯಿತು ಅಂತ ನೋಡದೆ ಸಂಖ್ಯೆ ನಂಬಬೇಡಿ.

ಪೀಣ್ಯ_ಕ್ಯೂಸಿ:
ಮೇಡಂ, ಮಾಡಿ ನೋಡಿದೆ. 1715ರ ಭುಜ ಮೊದಲು ಹೋಯಿತು, 728 ಕೊನೆಯವರೆಗೂ ಕೂತಿತ್ತು. 3300ರ ಉಬ್ಬು ಇದೆ, 1640 ಇಲ್ಲ. ರಿಜೆಕ್ಷನ್ ನೋಟ್‌ನಲ್ಲಿ ಮೆಥನಾಲ್ ಇಷ್ಟು ಪರ್ಸೆಂಟ್ ಅಂತ ಬರೆಯಬಹುದಾ?

ಮೈಸೂರು_ಸ್ಪೆಕ್ಟ್ರಾ:
ಪರ್ಸೆಂಟ್ ಈಗಲೇ ಬೇಡ. ಅಳತೆ ಗೊತ್ತಿರುವ ಮಿಶ್ರಣಗಳನ್ನು ಓಡಿಸಿ ಕ್ಯಾಲಿಬ್ರೇಷನ್ ಮಾಡದೆ ಬರೆದರೆ ಸಪ್ಲೈಯರ್ ಒಂದೇ ಪ್ರಶ್ನೆಯಲ್ಲಿ ಹರಿದು ಹಾಕುತ್ತಾನೆ. ಮೆಥನಾಲ್ ಅಂತಲೂ ಖಾತ್ರಿ ಇಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಆಗಿದ್ದರೆ 950ರ ಹತ್ತಿರ ಪೀಕ್ ಇರಬೇಕು, ಅದನ್ನು ನೋಡಿ. ನೋಟ್‌ನಲ್ಲಿ ‘ಆಲ್ಕೋಹಾಲ್ ಅನುಮಾನ’ ಅಂತ ಬರೆದು ಅದೇ ಬಾಟಲಿಯನ್ನು ಜಿಸಿಗೆ (ಗ್ಯಾಸ್ ಕ್ರೊಮ್ಯಾಟೊಗ್ರಫಿ, ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಕಳಿಸಿ.