ಪದಚರ್ಚೆ: ‘ಸ್ಕೂಲ್ ಬಿಸಿನೆಸ್ ಮ್ಯಾನೇಜರ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ‘ಸ್ಕೂಲ್ ಬಿಸಿನೆಸ್ ಮ್ಯಾನೇಜರ್’ ಎಂಬ ಹುದ್ದೆ ಬೆಳೆದು ಬಂದ ಬಗೆಯನ್ನು ವಿವರಿಸುವ ಲೇಖನವೊಂದು ಕನ್ನಡಕ್ಕೆ ಆಗಬೇಕಿದೆ. ಕರಡಿನ ತಲೆಬರಹ ಸದ್ಯಕ್ಕೆ ‘ಸಾರ್ವಜನಿಕ ಶಿಕ್ಷಣದಲ್ಲಿ ಶಾಲಾ ವ್ಯವಹಾರ ವ್ಯವಸ್ಥಾಪಕರ ವೃತ್ತೀಕರಣ’ ಎಂದಿದೆ. ಓದಿದ ಇಬ್ಬರಲ್ಲಿ ಒಬ್ಬರು ಇದು ಶಾಲೆಯಲ್ಲಿ ನಡೆಯುವ ವ್ಯಾಪಾರದ ವಿಷಯ ಅಂದುಕೊಂಡರು. ಇನ್ನೊಬ್ಬರಿಗೆ ಇದು ಮಕ್ಕಳಿಗೆ ಕಸುಬು ಕಲಿಸುವ ಯೋಜನೆಯಂತೆ ಕಂಡಿತು. ‘ಬಿಸಿನೆಸ್’, ‘ಪ್ರೊಫೆಶನಲೈಸೇಶನ್’, ‘ಬರ್ಸರ್’ (ಶಾಲೆಯ ಹಣ ನೋಡಿಕೊಳ್ಳುವವರ ಹಳೆಯ ಹೆಸರು) ಈ ಮೂರಕ್ಕೂ ಸರಿಯಾದ ಪದ ಬೇಕು. ನಮ್ಮ ಪ್ರೌಢಶಾಲೆಗಳ ಪ್ರಥಮ ದರ್ಜೆ ಸಹಾಯಕರು, ಅಂದರೆ ಎಫ್‌ಡಿಎ ಮತ್ತು ಇವರು ಒಂದೇನಾ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ:

ನಮಸ್ಕಾರ. ಇಬ್ಬರು ಓದುಗರೂ ತಪ್ಪಾಗಿ ಓದಿಲ್ಲ. ಕನ್ನಡದ ಆ ಪದಗಳು ಹೇಳುವುದೇ ಅದನ್ನು. ಆ ಹುದ್ದೆಯಲ್ಲಿರುವವರು ದಿನವಿಡೀ ಏನು ಮಾಡುತ್ತಾರೆ ಎಂದು ನೋಡಿಕೊಂಡು ಅಲ್ಲಿಂದ ಹೊರಟರೆ ಪದ ತಾನಾಗಿ ಸಿಗುತ್ತದೆ.

ಹಿಂದೆ ಇಂಗ್ಲೆಂಡಿನ ಸರ್ಕಾರಿ ಶಾಲೆಯ ದುಡ್ಡುಕಾಸಿನ ಕೆಲಸವೆಲ್ಲ ಸ್ಥಳೀಯ ಶಿಕ್ಷಣ ಪ್ರಾಧಿಕಾರದ ಕಚೇರಿಯಲ್ಲಿ ಆಗುತ್ತಿತ್ತು. ಶಾಲೆಯಲ್ಲಿ ಇರುತ್ತಿದ್ದದ್ದು ಒಬ್ಬ ಕಾರ್ಯದರ್ಶಿ, ಊಟದ ಹಣದ ಡಬ್ಬಿ ಮತ್ತು ಹಾಜರಿ ಪುಸ್ತಕ. 1988ರ ಶಿಕ್ಷಣ ಸುಧಾರಣಾ ಕಾಯ್ದೆ ಆಯವ್ಯಯವನ್ನೇ ಶಾಲೆಯ ಕೈಗೆ ಕೊಟ್ಟಿತು. ಮಕ್ಕಳ ಸಂಖ್ಯೆಯನ್ನು ಆಧರಿಸಿದ ಸೂತ್ರದಂತೆ ಹಣ ಬರುತ್ತದೆ. ಸಂಬಳ, ವಿದ್ಯುತ್, ದುರಸ್ತಿ, ಪೀಠೋಪಕರಣ ಯಾವುದಕ್ಕೆ ಎಷ್ಟು ಎಂದು ಶಾಲೆಯ ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ. ಗಣಿತವನ್ನೋ ಇತಿಹಾಸವನ್ನೋ ಪಾಠ ಮಾಡುತ್ತ ಮೇಲೆ ಬಂದ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಗುತ್ತಿಗೆ ಪತ್ರ, ವಿಮೆ, ಬಾಯ್ಲರ್ ತಪಾಸಣೆಯ ಕಡತಗಳು ಬಂದು ಬಿದ್ದವು. ಈ ಹುದ್ದೆ ಹುಟ್ಟಿಕೊಂಡದ್ದು ಆಗ.

2003ರ ಜನವರಿಯಲ್ಲಿ ಸರ್ಕಾರ ಮತ್ತು ಹೆಚ್ಚಿನ ಶಾಲಾ ನೌಕರರ ಸಂಘಗಳ ನಡುವೆ ಕೆಲಸದ ಹೊರೆ ತಗ್ಗಿಸುವ ರಾಷ್ಟ್ರೀಯ ಒಪ್ಪಂದವಾಯಿತು. ಮಕ್ಕಳಿಂದ ಹಣ ಸಂಗ್ರಹಿಸುವುದು, ರಾಶಿಗಟ್ಟಲೆ ನಕಲು ತೆಗೆಯುವುದು, ಸಾಮಾನು ತರಿಸಿ ದಾಸ್ತಾನು ಎಣಿಸುವುದು, ಗೈರುಹಾಜರಾದವರ ಮನೆಗೆ ಫೋನ್ ಮಾಡುವುದು, ಸಭೆಯ ನಡಾವಳಿ ಬರೆಯುವುದು, ಇಂಥವನ್ನು ಶಿಕ್ಷಕರು ದಿನನಿತ್ಯ ಮಾಡಬೇಕಾಗಿಲ್ಲ ಎಂದು ಅದು ಪಟ್ಟಿ ಮಾಡಿತು. ಅಷ್ಟೂ ಕೆಲಸ ಬೇರೆಯವರ ಕೈಗೆ ಹೋಗಬೇಕಾಯಿತು, ಅವರ ಮೇಲೆ ಒಬ್ಬರು ಬೇಕಾಯಿತು. ರಾಷ್ಟ್ರೀಯ ಶಾಲಾ ನಾಯಕತ್ವ ಕಾಲೇಜು ಇವರಿಗಾಗಿ ಸರ್ಟಿಫಿಕೇಟ್, ಡಿಪ್ಲೊಮಾ, ಉನ್ನತ ಡಿಪ್ಲೊಮಾ ಎಂಬ ಮೆಟ್ಟಿಲುಗಳನ್ನು ಕಟ್ಟಿದ್ದೂ ಆ ದಶಕದಲ್ಲೇ. 2015ರಲ್ಲಿ ಇವರ ಸಂಘ ವೃತ್ತಿಮಾನಕಗಳನ್ನು ಪ್ರಕಟಿಸಿತು. ಹಣಕಾಸು, ಖರೀದಿ, ಕಟ್ಟಡ ಮತ್ತು ಮೂಲಸೌಕರ್ಯ, ಸಿಬ್ಬಂದಿ, ಪ್ರಚಾರ, ಈ ಎಲ್ಲ ಬೆಂಬಲ ಸೇವೆಗಳ ಮುಂದಾಳ್ತನ ಎಂದು ಆರು ಭಾಗ. ಅದೇ ಸಂಘ 2017ರಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಸ್ಕೂಲ್ ಬಿಸಿನೆಸ್ ಲೀಡರ್‌ಶಿಪ್’ ಆಯಿತು. ಬರ್ಸರ್, ಮ್ಯಾನೇಜರ್, ಲೀಡರ್ ಎಂದು ಪದ ಬದಲಾಗುತ್ತ ಹೋದದ್ದೇ ಲೇಖನದ ಕಥೆ. ಮೂರಕ್ಕೂ ಒಂದೇ ಕನ್ನಡ ಪದ ಹಾಕಿದರೆ ಆ ಕಥೆಯೇ ಕಳೆದುಹೋಗುತ್ತದೆ.

ಈಗ ‘ಬಿಸಿನೆಸ್’. ಈ ಪಟ್ಟಿಯಲ್ಲಿ ವ್ಯಾಪಾರ ಎಲ್ಲಿಯೂ ಇಲ್ಲ. ನಡೆಯಬೇಕಾದ ಕೆಲಸಕಾರ್ಯ ಎಂಬುದು ಇಲ್ಲಿನ ಅರ್ಥ. ನಮ್ಮ ವಿಧಾನಮಂಡಲದವರು ಈ ಅರ್ಥವನ್ನು ಬಹಳ ಹಿಂದೆಯೇ ಸರಿಯಾಗಿ ಹಿಡಿದಿದ್ದಾರೆ: ‘ಬಿಸಿನೆಸ್ ಅಡ್ವೈಸರಿ ಕಮಿಟಿ’ ಕನ್ನಡದಲ್ಲಿ ‘ಕಲಾಪ ಸಲಹಾ ಸಮಿತಿ’. ಅದನ್ನು ‘ವ್ಯವಹಾರ ಸಲಹಾ ಸಮಿತಿ’ ಎಂದು ಯಾರೂ ಮಾಡಲಿಲ್ಲ. ‘ವ್ಯವಹಾರ’ಕ್ಕೆ ಕೊಡುಕೊಳ್ಳುವಿಕೆ, ನ್ಯಾಯಾಲಯದ ವ್ಯಾಜ್ಯ ಎಂಬ ಅರ್ಥಗಳಿವೆ. ಆಡುಮಾತಿನಲ್ಲಿ ‘ಅಲ್ಲೇನೋ ವ್ಯವಹಾರ ನಡೆದಿದೆ’ ಎಂದರೆ ಅನುಮಾನದ ಮಾತು. ಶಾಲೆಯ ಹಣ ನೋಡಿಕೊಳ್ಳುವವರ ಹೆಸರಿನಲ್ಲಿ ಆ ನೆರಳು ಬೀಳಬಾರದು.

‘ವ್ಯವಸ್ಥಾಪಕ’ದಲ್ಲೂ ಒಂದು ಕುಣಿಕೆ ಇದೆ. ಕಾಸರಗೋಡಿನ ಕನ್ನಡಿಗರಿಗೆ ‘ಶಾಲಾ ವ್ಯವಸ್ಥಾಪಕರು’ ಎಂದರೆ ಅನುದಾನಿತ ಶಾಲೆಯ ಮ್ಯಾನೇಜರ್. ಕೇರಳದ ನಿಯಮದಂತೆ ಶಿಕ್ಷಕರನ್ನು ನೇಮಿಸುವವರು ಅವರು, ಸಂಬಳ ಕೊಡುವುದು ಸರ್ಕಾರ. ಅಂದರೆ ಶಾಲೆಯ ಒಡೆತನದ ಕಡೆಯವರು. ಇಂಗ್ಲೆಂಡಿನ ಹುದ್ದೆ ಸಂಬಳದ ನೌಕರಿ, ಮುಖ್ಯ ಶಿಕ್ಷಕರ ಕೆಳಗೆ. ಬರೀ ‘ಶಾಲಾ ವ್ಯವಸ್ಥಾಪಕ’ ಎಂದರೆ ಗಡಿಯಾಚೆಯ ಕನ್ನಡ ಓದುಗರಿಗೆ ಚಿತ್ರ ತಲೆಕೆಳಗಾಗುತ್ತದೆ. ‘ನಿರ್ವಾಹಕ’ ಪದವನ್ನು ಬಸ್ಸಿನವರು ಆಗಲೇ ತೆಗೆದುಕೊಂಡಿದ್ದಾರೆ. ‘ಆಡಳಿತಾಧಿಕಾರಿ’ ಎಂದರೆ ಮುಖ್ಯ ಶಿಕ್ಷಕರಿಗಿಂತ ಮೇಲಿನವರೆಂಬ ಭಾವನೆ ಬರುತ್ತದೆ. ವಿಶ್ವವಿದ್ಯಾಲಯದ ‘ಕುಲಸಚಿವ’ ಸೊಗಸಾದ ಪದ, ಆದರೆ ‘ಶಾಲಾ ಸಚಿವ’ ಎಂದ ಕೂಡಲೆ ಮಂತ್ರಿ ನೆನಪಾಗುತ್ತಾರೆ. ‘ಬೋಧಕೇತರ’ ಬಳಕೆಯಲ್ಲಿರುವ ಪದವೇ ಆದರೂ ಅದು ಏನು ಅಲ್ಲ ಎಂಬುದನ್ನಷ್ಟೇ ಹೇಳುತ್ತದೆ. ತಮ್ಮ ಕೆಲಸಕ್ಕೂ ಸ್ವಂತ ವಿದ್ಯೆಯಿದೆ ಎಂದು ದಶಕಗಳಿಂದ ವಾದಿಸಿದವರ ಬಗೆಗಿನ ಲೇಖನಕ್ಕೆ ಅದು ಹೊಂದುವುದಿಲ್ಲ.

ಅರ್ಥದ ಮಟ್ಟಿಗೆ ಕನ್ನಡದಲ್ಲಿ ಅತಿ ಹತ್ತಿರದ ಪದ ‘ಪಾರುಪತ್ಯಗಾರ’. ದೇವಸ್ಥಾನದಲ್ಲಿ ಪೂಜೆ ಅರ್ಚಕರದು. ಉಗ್ರಾಣ, ಒಡವೆಗಳ ಪಟ್ಟಿ, ಕಾಣಿಕೆಯ ಲೆಕ್ಕ, ಪರಿಚಾರಕರ ಸಂಬಳ, ಗೋಪುರದ ದುರಸ್ತಿ, ಜಾತ್ರೆಯ ಅಡುಗೆ ಇಷ್ಟೂ ಪಾರುಪತ್ಯಗಾರರದು. ಪೂಜೆಯ ಜಾಗದಲ್ಲಿ ಪಾಠ ಇಟ್ಟರೆ ಇಂಗ್ಲೆಂಡಿನ ಶಾಲೆಯ ಏರ್ಪಾಡು ಅದೇ. ಆದರೆ ‘ಪಾರುಪತ್ಯ’ ಈಗ ಪತ್ರಿಕೆಯ ಕ್ರೀಡಾಪುಟದಲ್ಲಿ ಮೇಲುಗೈ ಎಂಬ ಅರ್ಥಕ್ಕೆ ಜಾರಿದೆ. ಹಾಗಾಗಿ ಹುದ್ದೆಯ ಹೆಸರಾಗಿ ಬೇಡ, ಲೇಖನದ ಮೊದಲಲ್ಲಿ ಒಂದು ಸಾಲಿನ ಹೋಲಿಕೆಯಾಗಿ ಬಳಸಿ. ಓದುಗರಿಗೆ ಆ ಒಂದು ಸಾಲು ಸಾಕು.

ನನ್ನ ಸಲಹೆ ‘ಶಾಲಾ ಕಾರ್ಯವ್ಯವಸ್ಥಾಪಕ’. ಮೊದಲ ಸಲ ಬಂದಾಗ ‘ಪಾಠಪ್ರವಚನ ಬಿಟ್ಟು ಶಾಲೆಯ ಉಳಿದೆಲ್ಲ ಕಾರ್ಯಗಳನ್ನು ನೋಡಿಕೊಳ್ಳುವ ಸಂಬಳದ ನೌಕರರು’ ಎಂದು ಬಿಡಿಸಿ ಹೇಳಿ. ಆಮೇಲೆ ಪದ ತಾನೇ ನಡೆಯುತ್ತದೆ.

‘ಬರ್ಸರ್’ ಲ್ಯಾಟಿನ್ನಿನ ‘ಬುರ್ಸಾ’ದಿಂದ ಬಂದದ್ದು. ಬುರ್ಸಾ ಎಂದರೆ ಹಣದ ಚೀಲ. ‘ಪರ್ಸ್’ ಅದರ ನೆಂಟ. ನಮ್ಮ ಕಚೇರಿಗಳ ‘ಡ್ರಾಯಿಂಗ್ ಆ್ಯಂಡ್ ಡಿಸ್ಬರ್ಸಿಂಗ್ ಆಫೀಸರ್’ನಲ್ಲೂ ಅದೇ ಚೀಲ ಅಡಗಿದೆ. ಯುರೋಪಿನ ಕ್ರೈಸ್ತ ಮಠಗಳ, ಹಳೆಯ ಕಾಲೇಜುಗಳ ಕಾಲದಿಂದ ಬಂದು, ಖಾಸಗಿ ಶಾಲೆಗಳಲ್ಲಿ ಇವತ್ತಿಗೂ ಉಳಿದಿರುವ ಪದ ಇದು. ‘ಖಜಾಂಚಿ’ ಎಂದರೆ ಸಂಘದ ಗೌರವ ಹುದ್ದೆಯಾಗುತ್ತದೆ. ‘ಭಂಡಾರಿ’ ಎನ್ನಿ. ಬಿಜ್ಜಳನ ಬಳಿ ಬಸವಣ್ಣನವರಿಗಿದ್ದ ಹುದ್ದೆಯ ಹೆಸರು ಅದು, ಹಳಮೆಯೂ ಘನತೆಯೂ ಎರಡೂ ಇವೆ. ಭಂಡಾರಿ ಎಂಬಲ್ಲಿಂದ ಕಾರ್ಯವ್ಯವಸ್ಥಾಪಕ ಎಂಬಲ್ಲಿಗೆ ಬಂದಾಗ, ಬರೀ ಹಣ ಕಾಯುವ ಕೆಲಸ ಇಡೀ ಶಾಲೆಯ ಬೆನ್ನೆಲುಬಾದದ್ದು ಓದುಗರ ಕಣ್ಣಿಗೆ ಬೀಳುತ್ತದೆ. ‘ಲೀಡರ್’ ಬಂದ ಕಡೆ ‘ಕಾರ್ಯಮುಖ್ಯಸ್ಥ’ ಆಗಬಹುದು. ‘ನಾಯಕ’ ಬೇಡ.

ಎಫ್‌ಡಿಎ ವಿಷಯ. ಎರಡೂ ಒಂದಲ್ಲ. ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರ ಮುಖ್ಯ ಶಿಕ್ಷಕರದು. ಪ್ರಥಮ ದರ್ಜೆ ಸಹಾಯಕರು ಬಿಲ್ಲು ತಯಾರಿಸುತ್ತಾರೆ, ನಗದು ಪುಸ್ತಕ ಬರೆಯುತ್ತಾರೆ, ಸರ್ಕಾರಿ ನೌಕರರ ವೇತನದ ಗಣಕ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ವೇತನ ಬಿಲ್ಲು ಮಾಡುತ್ತಾರೆ. ತೀರ್ಮಾನ ಅವರದಲ್ಲ, ಹಣವೂ ಲೆಕ್ಕಶೀರ್ಷಿಕೆಗೆ ಕಟ್ಟುಬಿದ್ದೇ ಬರುತ್ತದೆ. ಇಂಗ್ಲೆಂಡಿನ ಕಾರ್ಯವ್ಯವಸ್ಥಾಪಕರು ಒಂದು ಬಾಬಿನಿಂದ ಇನ್ನೊಂದಕ್ಕೆ ಹಣ ಸರಿಸಲು ಪ್ರಸ್ತಾವ ತಯಾರಿಸಿ ಆಡಳಿತ ಮಂಡಳಿಯ ಮುಂದಿಡುತ್ತಾರೆ. ಅದಕ್ಕೆ ಅಲ್ಲಿ ‘ವೈರ್ಮೆಂಟ್’ ಎನ್ನುತ್ತಾರೆ. ನಮ್ಮಲ್ಲಿ ‘ಪುನರ್ವಿನಿಯೋಗ’ ಎಂಬ ಸಿದ್ಧಪದ ಇದೆ, ಅದನ್ನೇ ಬಳಸಿ.

ಪ್ರಾಥಮಿಕ ಶಾಲೆಯಲ್ಲಂತೂ ನಮ್ಮಲ್ಲಿ ಗುಮಾಸ್ತರೂ ಇಲ್ಲ. ಬಿಸಿಯೂಟದ ದಾಸ್ತಾನು ಪುಸ್ತಕ ಒಂದನ್ನೇ ನೋಡಿ. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗೆ 150 ಗ್ರಾಂ. ಇವತ್ತಿನ ಹಾಜರಿ ಕೆಳಗಿನ ತರಗತಿಗಳಲ್ಲಿ 52, ಮೇಲಿನವುಗಳಲ್ಲಿ 30 ಇದ್ದರೆ 5.2 ಕಿಲೊ ಮತ್ತು 4.5 ಕಿಲೊ, ಒಟ್ಟು 9.7 ಕಿಲೊ ಕಳೆದು ಶಿಲ್ಕು ಬರೆಯಬೇಕು. ಹಾಜರಿ ಪುಸ್ತಕ ಮುಗಿಯುವ ಮುಂಚೆ ಅಡುಗೆಗೆ ಅಕ್ಕಿ ಅಳೆದುಕೊಟ್ಟು, ಸಂಜೆ ಅಂದಾಜಿನಲ್ಲಿ ಅಂಕಿ ಹಾಕಿದರೆ ತಿಂಗಳ ಕೊನೆಗೆ ಚೀಲದ ತೂಕಕ್ಕೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಈ ಲೆಕ್ಕ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರ ಜೊತೆಗಿನ ಜಂಟಿ ಖಾತೆ, ಶಾಲೆಗಳ ರಾಷ್ಟ್ರೀಯ ದತ್ತಾಂಶವಾದ ಯುಡೈಸ್‌ಗೆ ಮಾಹಿತಿ ತುಂಬುವುದು, ಎಲ್ಲವೂ ಪಾಠ ಮಾಡುವ ಮುಖ್ಯ ಶಿಕ್ಷಕರ ತಲೆಯ ಮೇಲೆಯೇ. 2003ರಲ್ಲಿ ಇಂಗ್ಲೆಂಡ್ ಶಿಕ್ಷಕರಿಂದ ಇಳಿಸಿದ ಪಟ್ಟಿಯನ್ನು ನಮ್ಮ ಓದುಗರು ಓದುವಾಗ ಇದು ನೆನಪಾಗದೆ ಇರುವುದಿಲ್ಲ. ಅನುವಾದಕರಾಗಿ ನೀವು ಅದನ್ನು ಎತ್ತಿ ಹೇಳಬೇಕಾಗಿಲ್ಲ, ಪದಗಳು ನಿಖರವಾಗಿದ್ದರೆ ಸಾಕು.

ಮರುಪ್ರಶ್ನೆ:

ತುಂಬ ಉಪಕಾರವಾಯಿತು. ‘ವೃತ್ತೀಕರಣ’ದ ಬಗ್ಗೆ ಹೇಳಲಿಲ್ಲ. ಲೇಖನದಲ್ಲಿ ‘ಕಮಿಟ್‌ಮೆಂಟ್’, ‘ಅಕೌಂಟಿಂಗ್ ಆಫೀಸರ್’ ಎಂಬ ಪದಗಳೂ ಇವೆ. ‘ಬದ್ಧ ವೆಚ್ಚ’, ‘ಲೆಕ್ಕಾಧಿಕಾರಿ’ ಎಂದು ಹಾಕಿದ್ದೇನೆ.

ಉತ್ತರ:

‘ವೃತ್ತಿ’ ಕನ್ನಡದಲ್ಲಿ ಹೊಟ್ಟೆಪಾಡಿನ ಕೆಲಸವೂ ಹೌದು, ವಕೀಲಿ ವೈದ್ಯಕೀಯದಂಥ ವಿದ್ಯಾವಂತ ಉದ್ಯೋಗವೂ ಹೌದು. ‘ವೃತ್ತಿ ರಂಗಭೂಮಿ’ ಎಂದಾಗ ಹವ್ಯಾಸಕ್ಕೆ ಎದುರಾದದ್ದು. ‘ವೃತ್ತಿ ಶಿಕ್ಷಣ’ ಎಂದರೆ ಕಸುಬಿನ ಕಲಿಕೆ, ‘ವೃತ್ತಿಪರ ಶಿಕ್ಷಣ’ ಎಂದರೆ ಇಂಜಿನಿಯರಿಂಗು, ವೈದ್ಯಕೀಯ. ಶಿಕ್ಷಣದ ಪಕ್ಕದಲ್ಲಿ ‘ವೃತ್ತೀಕರಣ’ ಇಟ್ಟರೆ ಮೊದಲ ಅರ್ಥವೇ ಮುಂದೆ ಬರುತ್ತದೆ. ನಿಮ್ಮ ಎರಡನೇ ಓದುಗರಿಗೆ ಆದದ್ದು ಅದು. ‘ವೃತ್ತಿಪರತೆ’ ಒಬ್ಬರ ಗುಣವನ್ನು ಹೇಳುತ್ತದೆಯೇ ಹೊರತು ಒಂದು ಉದ್ಯೋಗದ ಇತಿಹಾಸವನ್ನಲ್ಲ. ಇಲ್ಲಿ ಹೇಳಬೇಕಾದದ್ದು ಹುದ್ದೆಯೊಂದಕ್ಕೆ ಅರ್ಹತಾ ಪರೀಕ್ಷೆ, ಮಾನಕ, ಸಂಘ, ಮೇಲೇರುವ ಮೆಟ್ಟಿಲು ಇವೆಲ್ಲ ಒದಗಿದ್ದನ್ನು. ನಾಮಪದದ ಸರಪಣಿ ಬಿಚ್ಚಿ ಕ್ರಿಯಾಪದ ಮಾಡಿ: ‘ಸರ್ಕಾರಿ ಶಾಲೆಗಳ ಕಾರ್ಯವ್ಯವಸ್ಥಾಪನೆ ಒಂದು ವೃತ್ತಿಯಾದ ಬಗೆ’. ತಲೆಬರಹಕ್ಕೂ ಅದೇ ಆಯಿತು. ಒಳಗೆ ‘ಹುದ್ದೆ’ ಮತ್ತು ‘ವೃತ್ತಿ’ಯನ್ನು ಎಚ್ಚರದಿಂದ ಬೇರೆಬೇರೆಯಾಗಿ ಬಳಸಿ.

‘ಸಾರ್ವಜನಿಕ ಶಿಕ್ಷಣ’ವನ್ನೂ ‘ಸರ್ಕಾರಿ ಶಾಲೆ’ ಎಂದೇ ಮಾಡಿಬಿಟ್ಟಿದ್ದೇನೆ. ಇಂಗ್ಲೆಂಡಿನ ‘ಪಬ್ಲಿಕ್ ಸ್ಕೂಲ್’ ಶುಲ್ಕ ದುಬಾರಿಯಾದ ಖಾಸಗಿ ಶಾಲೆ, ನಮ್ಮ ‘ಕರ್ನಾಟಕ ಪಬ್ಲಿಕ್ ಶಾಲೆ’ ಸರ್ಕಾರದ್ದು. ಈ ಗೋಜಲಿಗೆ ಜಾಗವನ್ನೇ ಕೊಡದಿರುವುದು ಒಳ್ಳೆಯದು. ‘ಅಕಾಡೆಮಿ’ ಬಂದಲ್ಲಿ ‘ಅಕಾಡೆಮಿ ಶಾಲೆ’ ಎನ್ನಿ, ಇಲ್ಲವಾದರೆ ಸಾಹಿತ್ಯ ಅಕಾಡೆಮಿ ಕಣ್ಮುಂದೆ ಬರುತ್ತದೆ. ಅವು ಸ್ಥಳೀಯ ಪ್ರಾಧಿಕಾರದ ಹಿಡಿತದಲ್ಲಿಲ್ಲದ, ಕೇಂದ್ರ ಸರ್ಕಾರದಿಂದ ನೇರವಾಗಿ ಹಣ ಪಡೆಯುವ ಶಾಲೆಗಳು. ‘ಆರ್ಥಿಕ ವರ್ಷ’ ಎಂದು ಬಂದ ಕಡೆಯೂ ನೋಡಿಕೊಳ್ಳಿ. ಪ್ರಾಧಿಕಾರದ ಶಾಲೆಗಳಿಗೆ ಅದು ನಮ್ಮಂತೆ ಏಪ್ರಿಲ್ 1ರಿಂದ ಮಾರ್ಚ್ 31. ಅಕಾಡೆಮಿಗಳಿಗೆ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ತಿಂಗಳು ಬರೆಯದೆ ಬಿಟ್ಟರೆ ಓದುಗರು ಎಲ್ಲವನ್ನೂ ಮಾರ್ಚ್ ಎಂದೇ ಓದಿಕೊಳ್ಳುತ್ತಾರೆ.

‘ಬದ್ಧ ವೆಚ್ಚ’ ಖಂಡಿತ ಬೇಡ. ನಮ್ಮ ರಾಜ್ಯದ ಆಯವ್ಯಯದಲ್ಲಿ ಅದು ಸಂಬಳ, ಪಿಂಚಣಿ, ಬಡ್ಡಿ. ಶಾಲಾ ಲೆಕ್ಕದ ‘ಕಮಿಟ್‌ಮೆಂಟ್’ ಬೇರೆ: ಆರ್ಡರ್ ಕೊಟ್ಟಾಗಿದೆ, ಬಿಲ್ಲು ಇನ್ನೂ ಬಂದಿಲ್ಲ. ಉದಾಹರಣೆಗೆ ವಿಜ್ಞಾನ ವಿಭಾಗದ ಬಾಬಿನಲ್ಲಿ 5,000 ಪೌಂಡು ಇದೆ, 2,000 ಪಾವತಿಯಾಗಿದೆ, 1,800ಕ್ಕೆ ಆರ್ಡರ್ ಹೋಗಿದೆ ಎನ್ನಿ. ನಿಜವಾಗಿ ಉಳಿದದ್ದು 1,200. ವಿಭಾಗದವರು ಕಚೇರಿಗೆ ತಿಳಿಸದೆ ಫೋನಿನಲ್ಲೇ ಆರ್ಡರ್ ಕೊಟ್ಟಿದ್ದರೆ ಪುಸ್ತಕ 3,000 ಉಳಿದಿದೆ ಎನ್ನುತ್ತದೆ. ಆ ಭರವಸೆಯ ಮೇಲೆ ಇನ್ನೊಂದು ಖರೀದಿ ಆಗುತ್ತದೆ, ವರ್ಷದ ಕೊನೆಗೆ ಎರಡೂ ಬಿಲ್ಲು ಒಟ್ಟಿಗೆ ಬರುತ್ತವೆ. ಆರ್ಡರ್ ಕೊಟ್ಟ ದಿನವೇ ನಮೂದಿಸು, ಸಾಮಾನು ಬಂದಾಗ ಎಣಿಸಿ ಸಹಿ ಹಾಕು, ಆರ್ಡರ್, ಸ್ವೀಕೃತಿ, ಬಿಲ್ಲು ಮೂರೂ ತಾಳೆಯಾದ ಮೇಲೆ ಪಾವತಿಸು, ಈ ಮೂರು ಕೆಲಸ ಒಬ್ಬರ ಕೈಯಲ್ಲೇ ಇರದಂತೆ ನೋಡಿಕೋ ಎಂಬ ಕ್ರಮ ಅದಕ್ಕೇ ಇದೆ. ‘ಆರ್ಡರ್ ಆಗಿ ಬಿಲ್ಲು ಬಾರದ ಮೊತ್ತ’ ಎಂದು ಬರೆಯಿರಿ. ಉದ್ದವಾಯಿತು, ಆದರೆ ತಪ್ಪು ತಿಳಿಯುವ ಸಾಧ್ಯತೆ ಇಲ್ಲ.

‘ಅಕೌಂಟಿಂಗ್ ಆಫೀಸರ್’ ಇದಕ್ಕಿಂತ ದೊಡ್ಡ ಬಲೆ. ಅಕಾಡೆಮಿ ಟ್ರಸ್ಟಿನಲ್ಲಿ ಅದು ಲೆಕ್ಕ ಬರೆಯುವವರ ಹುದ್ದೆಯೇ ಅಲ್ಲ. ಟ್ರಸ್ಟಿನ ಅತ್ಯುನ್ನತ ಕಾರ್ಯನಿರ್ವಾಹಕರು, ಸಾಮಾನ್ಯವಾಗಿ ಮುಖ್ಯ ಶಿಕ್ಷಕರು ಅಥವಾ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಸಾರ್ವಜನಿಕ ಹಣಕ್ಕೆ ಸಂಸತ್ತಿನವರೆಗೆ ಉತ್ತರ ಹೇಳಬೇಕಾದವರು. ಇಲ್ಲಿ ‘ಅಕೌಂಟ್’ ಎಂದರೆ ಜವಾಬು. ‘ಉತ್ತರದಾಯಿ ಅಧಿಕಾರಿ’ ಎನ್ನಿ. ಲೆಕ್ಕದ ಹೊಣೆ ಹೊತ್ತವರು ಪ್ರತ್ಯೇಕವಾಗಿ ‘ಚೀಫ್ ಫೈನಾನ್ಶಿಯಲ್ ಆಫೀಸರ್’, ಅಂದರೆ ಮುಖ್ಯ ಹಣಕಾಸು ಅಧಿಕಾರಿ. ಅನೇಕ ಕಡೆ ಆ ಕುರ್ಚಿಯಲ್ಲಿ ಕುಳಿತಿರುವವರು ನಮ್ಮ ಕಾರ್ಯವ್ಯವಸ್ಥಾಪಕರೇ. ಕರಡಿನಲ್ಲಿ ಎರಡೂ ‘ಲೆಕ್ಕಾಧಿಕಾರಿ’ ಆಗಿದ್ದರೆ, ಒಬ್ಬರೇ ಖರ್ಚು ಮಾಡಿ ತಾವೇ ತಮ್ಮನ್ನು ಪರಿಶೀಲಿಸಿಕೊಂಡಂತೆ ಆ ಪ್ಯಾರಾ ಓದಿಸಿಕೊಳ್ಳುತ್ತದೆ. ಆ ಪುಟವನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಪ್ರತಿಯೊಂದು ಸಲವೂ ಯಾರ ಮಾತು ಎಂದು ನೋಡಿ ತಿದ್ದಿ.