ಫಿಬೊನಾಚಿ ಸಂಖ್ಯೆಗಳ ಅನುಪಾತ 1.618ರತ್ತಲೇ ಏಕೆ ಸಾಗುತ್ತದೆ?

ಪ್ರಶ್ನೆ:
ಫಿಬೊನಾಚಿ ಸರಣಿಯ (1, 1, 2, 3, 5, 8, 13, 21, 34, 55, 89…) ಪ್ರತಿ ಪದವನ್ನೂ ಅದರ ಹಿಂದಿನ ಪದದಿಂದ ಭಾಗಿಸುತ್ತಾ ಹೋದರೆ 1, 2, 1.5, 1.666…, 1.6, 1.625 ಎಂಬ ಬೆಲೆಗಳು ದೊರೆಯುತ್ತವೆ. 89/55ಕ್ಕೆ ಬರುವಷ್ಟರಲ್ಲಿ ಅದು 1.61818 ಆಗಿರುತ್ತದೆ. ಸುವರ್ಣಾನುಪಾತವಾದರೋ (1+√5)/2, ಅಂದರೆ ಸುಮಾರು 1.61803. ಇಡೀ ರೇಖೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇರುವಂತೆ ರೇಖೆಯನ್ನು ವಿಭಜಿಸಬೇಕೆಂಬ ರೇಖಾಗಣಿತದ ಸಮಸ್ಯೆಯಿಂದ ಹುಟ್ಟಿದ ಸಂಖ್ಯೆ ಅದು. ಬರೀ ಕೂಡುತ್ತಾ ಬೆಳೆಯುವ ಪೂರ್ಣಾಂಕಗಳ ನಡುವೆ √5 ಎಲ್ಲಿಂದ ನುಸುಳಿತು? ಅನುಪಾತವು ‘ಸಮೀಪಿಸುತ್ತದೆ’ ಎಂದು ಓದಿದ್ದೇನೆ. ಸಮೀಪಿಸಲೇಬೇಕಾದ ಕಾರಣವನ್ನು ಪ್ರೌಢಶಾಲೆಯ ಬೀಜಗಣಿತದ ಮಟ್ಟದಲ್ಲಿ ಯಾರಾದರೂ ವಿವರಿಸಬಲ್ಲಿರಾ?

ಉತ್ತರ 1:
ನೀವು ಹೇಳಿದ ರೇಖೆಯಲ್ಲೇ ಉತ್ತರವಿದೆ. ಸಣ್ಣ ತುಂಡು 1, ದೊಡ್ಡ ತುಂಡು ಫೈ ಎಂದಿಟ್ಟುಕೊಂಡರೆ ಇಡೀ ರೇಖೆ 1 + ಫೈ. ಸಣ್ಣದು, ದೊಡ್ಡದು, ಇಡಿಯದು ಎಂಬ ಈ ಮೂರರಲ್ಲಿ ಮೂರನೆಯದು ಮೊದಲೆರಡರ ಮೊತ್ತ. ಫಿಬೊನಾಚಿ ನಿಯಮವೂ ಅದೇ ಅಲ್ಲವೇ? ಅನುಪಾತಗಳು ಸಮವಾಗಿರಬೇಕೆಂಬ ಷರತ್ತಿನಿಂದ ಫೈ = 1 + 1/ಫೈ, ಅಂದರೆ ಫೈ² = ಫೈ + 1 ಎಂಬ ವರ್ಗ ಸಮೀಕರಣ ಬರುತ್ತದೆ. ಅದರ ಧನಮೂಲವೇ (1+√5)/2.

ಇನ್ನು ಸಮೀಪಿಸಲೇಬೇಕು ಎಂಬ ಮಾತು. ಮುಂದಿನ ಪದವು ಹಿಂದಿನ ಎರಡರ ಮೊತ್ತವಾದ್ದರಿಂದ, ಒಂದು ಹಂತದ ಅನುಪಾತ ‘ಅ’ ಆಗಿದ್ದರೆ ಮುಂದಿನ ಹಂತದ್ದು 1 + 1/ಅ. ಇದರಿಂದ ಫೈ = 1 + 1/ಫೈ ಎಂಬುದನ್ನು ಕಳೆದರೆ, ಹೊಸ ವ್ಯತ್ಯಾಸವು (ಫೈ − ಅ)/(ಅ × ಫೈ) ಎಂದಾಗುತ್ತದೆ. ಹಳೆಯ ವ್ಯತ್ಯಾಸವೇ ಚಿಹ್ನೆ ಬದಲಿಸಿಕೊಂಡು ಅ × ಫೈ ಎಂಬುದರಿಂದ ಭಾಗವಾಗಿದೆ, ಅಷ್ಟೇ. ‘ಅ’ ಎಂದೂ 1ಕ್ಕಿಂತ ಕಡಿಮೆಯಾಗದ ಕಾರಣ ಆ ಭಾಜಕವು 1.618ಕ್ಕಿಂತ ಕೆಳಗಿಳಿಯುವುದಿಲ್ಲ, ಆದ್ದರಿಂದ ವ್ಯತ್ಯಾಸ ಕುಗ್ಗದೆ ಬೇರೆ ದಾರಿಯಿಲ್ಲ. 8/5ರಲ್ಲಿ 0.01803ರಷ್ಟು ಕೊರತೆಯಿದ್ದರೆ 13/8ರಲ್ಲಿ 0.00697ರಷ್ಟು ಹೆಚ್ಚಳವಿರುತ್ತದೆ. ಬೆಲೆಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೊಯ್ದಾಡುವುದಕ್ಕೂ ಆ ಚಿಹ್ನೆಯ ಬದಲಾವಣೆಯೇ ಕಾರಣ.

ಉತ್ತರ 2:
ಮೇಲಿನ ವಾದದಲ್ಲಿ 1, 1 ಎಂಬ ಆರಂಭದ ಪದಗಳಿಗೆ ಪಾತ್ರವೇ ಇಲ್ಲವೆಂಬುದನ್ನು ಗಮನಿಸಿ. 7, 2ರಿಂದ ಹೊರಟರೂ 9, 11, 20, 31, 51, 82, 133, 215, 348 ಎಂದು ಸಾಗಿ, 348/215 ಸುಮಾರು 1.6186 ಆಗುತ್ತದೆ. ಒಂದೇ ಒಂದು ಅಪವಾದವೆಂದರೆ, ಎರಡನೆಯ ಪದವು ಮೊದಲನೆಯದರ (1−√5)/2ರಷ್ಟಿದ್ದಾಗ ಅನುಪಾತವು ಆ ಋಣಮೂಲದಲ್ಲೇ, ಅಂದರೆ −0.618ರಲ್ಲೇ, ನಿಂತುಬಿಡುತ್ತದೆ. ಪೂರ್ಣಾಂಕಗಳಿಂದ ಆರಂಭಿಸುವವರಿಗೆ, ಎರಡೂ ಸೊನ್ನೆಯಾಗಿರದಿದ್ದರೆ, ಈ ತೊಡಕು ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ಯಾವ ಆರಂಭವಾದರೂ ನಡೆಯುವುದಾದರೆ, ಫಿಬೊನಾಚಿ ಸರಣಿಗೇ ಈ ಹೆಗ್ಗಳಿಕೆ ಏಕೆ?

ಉತ್ತರ 3:
ಅದು ಚರಿತ್ರೆಯಿಂದ ಬಂದ ಹೆಗ್ಗಳಿಕೆಯಷ್ಟೇ ಅಲ್ಲ. ಚರಿತ್ರೆಯನ್ನೇ ನೋಡುವುದಾದರೆ, 1202ರಲ್ಲಿ ಮೊಲಗಳ ಲೆಕ್ಕ ಬರೆದ ಫಿಬೊನಾಚಿಗಿಂತ ಮುಂಚೆಯೇ, ಸುಮಾರು 1150ರಲ್ಲಿ, ಜೈನ ವಿದ್ವಾಂಸ ಹೇಮಚಂದ್ರರು ಛಂದಸ್ಸಿನ ಲಘು ಗುರುಗಳನ್ನು ಜೋಡಿಸಿ ಇಂತಿಷ್ಟು ಮಾತ್ರೆಗಳನ್ನು ತುಂಬುವ ಬಗೆಗಳನ್ನು ಎಣಿಸುವಾಗ ಇದೇ ನಿಯಮವನ್ನು ಕೊಟ್ಟಿದ್ದರು. ಕೊನೆಯದು ಲಘುವಾದರೆ ಒಂದು ಮಾತ್ರೆ, ಗುರುವಾದರೆ ಎರಡು ಮಾತ್ರೆ ಹಿಂದಕ್ಕೆ ಹೋಗಿ ಎಣಿಸಬೇಕಾದ್ದರಿಂದ ಅಲ್ಲಿಯೂ ಹಿಂದಿನ ಎರಡರ ಮೊತ್ತವೇ ಬರುತ್ತದೆ.

ಗಣಿತದ ಕಾರಣ ಬೇರೆ. ಫೈ ಅಭಾಗಲಬ್ಧ ಸಂಖ್ಯೆಯಾದ್ದರಿಂದ ಯಾವ ಭಿನ್ನರಾಶಿಯೂ ಅದಕ್ಕೆ ಸಮನಾಗಲಾರದು. ಆದರೆ ಮೊದಲನೆಯದಾದ 1/1ನ್ನು ಬಿಟ್ಟರೆ ಫಿಬೊನಾಚಿ ಅನುಪಾತಗಳು ತಮ್ಮ ಛೇದದ ಮಿತಿಯೊಳಗೆ ಸಾಧ್ಯವಿರುವ ಅತ್ಯಂತ ಸಮೀಪದ ಭಿನ್ನರಾಶಿಗಳು. ಛೇದವು 55ನ್ನು ಮೀರದ ಯಾವ ಭಿನ್ನರಾಶಿಯೂ 89/55ಕ್ಕಿಂತ ಫೈಗೆ ಹತ್ತಿರವಿಲ್ಲ. 2, 1, 3, 4, 7, 11 ಎಂದು ಸಾಗುವ ಲೂಕಾ ಸರಣಿಯ 123/76ನ್ನು ಪಕ್ಕದಲ್ಲಿಟ್ಟು ನೋಡಿ: ಛೇದ ದೊಡ್ಡದಾಗಿದ್ದರೂ ಅದರ ವ್ಯತ್ಯಾಸ 0.00039, 89/55ರದ್ದು ಕೇವಲ 0.00015. ಬೇರೆ ಆರಂಭಗಳೂ ಅದೇ ಗುರಿಯನ್ನು ಮುಟ್ಟುತ್ತವೆ, ನಿಜ. ಆದರೆ ಇಷ್ಟು ಚಿಕ್ಕ ಸಂಖ್ಯೆಗಳಿಂದ ಇಷ್ಟು ನಿಖರವಾಗಿ ಅಲ್ಲ.