ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಸಂಡೂರು ಏರಲ್ಲಿ ಎಂಜಿನ್ ಟಕಟಕ, ಇನ್ನು ಯಾವ ನಂಬರ್ ಹಾಕಲಿ?

ಕೌಲ್‌ಬಜಾರ್ 800:
ಸಾಕಾಗಿದೆ ಸ್ವಾಮಿ. ಕಾರ್ಬುರೇಟರ್ ಮಾರುತಿ 800 ಗಾಡಿ. ಬಳ್ಳಾರಿ ಬಿಸಿಲಿಗೆ ತಣ್ಣನೆ ಪ್ಲಗ್ (ಬಿಸಿಯನ್ನ ಬೇಗ ಬಿಟ್ಟುಕೊಡೋದು) ಇರಲಿ ಅಂತ 6 ನಂಬರ್ ತೆಗೆದು 9 ಹಾಕಿದೆ. ಅವತ್ತಿನಿಂದ ಸಂಡೂರು ಏರಲ್ಲಿ ಟಕಟಕ. ಕೀ ತೆಗೆದರೂ ಎಂಜಿನ್ ನಾಲ್ಕೈದು ಸಲ ಗುರ್ ಅಂದೇ ನಿಲ್ಲುತ್ತದೆ. 10 ಹಾಕಲಾ?

ರಾಯಚೂರು ಟೈಮಿಂಗ್:
ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಂದೆ ಹೋಗಿದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಸ್ವಲ್ಪ ಹಿಂದಕ್ಕೆ ತಿರುಗಿಸಿ.

ಕೌಲ್‌ಬಜಾರ್ 800:
ಅದನ್ನ ಯಾರೂ ಮುಟ್ಟಿಲ್ಲ ಅಣ್ಣ.

ರಾಯಚೂರು ಟೈಮಿಂಗ್:
ಎಲ್ಲರೂ ಹಾಗೇ ಅನ್ನುತ್ತಾರೆ. ಟೈಮಿಂಗ್ ಲೈಟ್ ಹಿಡಿಸಿ ನೋಡಿ, ಆಮೇಲೆ ಮಾತಾಡಿ.

ಗಂಗಾವತಿ ಅಂಬಿ:
ನನ್ನ ಅಂಬಾಸಿಡರ್‌ಗೆ ಲೈಟೂ ಇಲ್ಲ ಏನೂ ಇಲ್ಲ, ಕಿವಿಯಲ್ಲೇ ಟೈಮಿಂಗ್. ಆರು ಜನ ಕೂತರೂ ಆನೆಗೊಂದಿ ರಸ್ತೆಯಲ್ಲಿ ಬೆಣ್ಣೆ ಹಾಗೆ ಹೋಗುತ್ತದೆ.

ರಾಯಚೂರು ಟೈಮಿಂಗ್:
ಆನೆಗೊಂದಿ ರಸ್ತೆ ಏರಾ ಅಣ್ಣ?

ಕೊಪ್ಪಳ ಗ್ಯಾರೇಜ್:
ಜಗಳ ಆಮೇಲೆ. ಹೊರಗೆ 42 ಡಿಗ್ರಿ ಇದ್ದರೆ ಪ್ಲಗ್‌ಗೆ ಏನು ಲೆಕ್ಕ? ಅದರ ಮೂತಿ 450 ದಾಟಿದರೆ ತಾನೇ ಮಸಿ ಸುಟ್ಟುಕೊಳ್ಳುತ್ತದೆ, 850ರ ಮೇಲೆ ಹೋದರೆ ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿಸುತ್ತದೆ. ಮೂರೂ ಪ್ಲಗ್ ಬಿಚ್ಚಿ ಬಣ್ಣ ಹೇಳಿ.

ಕೌಲ್‌ಬಜಾರ್ 800:
ಮೂರೂ ಸುಣ್ಣ ಬಳಿದ ಹಾಗೆ ಬಿಳಿ. ಮಧ್ಯದ್ದರ ಪಿಂಗಾಣಿ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳಿವೆ.

ಕೊಪ್ಪಳ ಗ್ಯಾರೇಜ್:
ಅಲ್ವಾ! ನಿಜವಾಗಿ ತಣ್ಣನೆ ಪ್ಲಗ್ ಆಗಿದ್ದರೆ ಕರ್ರಗೆ ಮಸಿ ಹಿಡಿಯಬೇಕಿತ್ತು. 9 ಯಾವ ಕಂಪನಿಯದು?

ಕೌಲ್‌ಬಜಾರ್ 800:
ಬಾಷ್. ಮೊದಲು ಎನ್‌ಜಿಕೆ ಇತ್ತು. ಅದೂ ಹೇಳಬೇಕಿತ್ತಾ?

ಕೊಪ್ಪಳ ಗ್ಯಾರೇಜ್:
ಅದನ್ನೇ ಮೊದಲು ಹೇಳಬೇಕಿತ್ತು ಮಾರಾಯರೇ! ಎನ್‌ಜಿಕೆಯಲ್ಲಿ ನಂಬರ್ ಏರಿದಂತೆ ತಣ್ಣಗೆ, ಬಾಷ್‌ನಲ್ಲಿ ಏರಿದಂತೆ ಬಿಸಿ. ಎನ್‌ಜಿಕೆ 6ಕ್ಕೆ ಬಾಷ್ 7 ಹತ್ತಿರ. ನಿಮ್ಮ 9 ಅಂದರೆ ಎನ್‌ಜಿಕೆ 4ರ ಲೆಕ್ಕ. 10 ಹಾಕಿದರೆ ಪಿಸ್ಟನ್ ತೂತಾದೀತು. ಹಳೆ 6ಕ್ಕೇ ಬನ್ನಿ.

ರಾಯಚೂರು ಟೈಮಿಂಗ್:
ಆದರೂ ಟೈಮಿಂಗ್ ಒಮ್ಮೆ ನೋಡಿಸಿ.

ಕೌಲ್‌ಬಜಾರ್ 800:
6 ಹಾಕಿ ಇವತ್ತು ಸಂಡೂರಿಗೆ ಹೋಗಿ ಬಂದೆ. ಅದಿರು ಲಾರಿ ಹಿಂದೆ ಎರಡನೇ ಗೇರಲ್ಲೇ ಹತ್ತಿದರೂ ಟಕಟಕ ಇಲ್ಲ. ಕೀ ತೆಗೆದಾಗ ಮಾತ್ರ ಒಂದು ಸಲ ಗುರ್ ಅಂತು.

ಕೊಪ್ಪಳ ಗ್ಯಾರೇಜ್:
ಆ ಗುರ್‌ಗೆ ಐಡ್ಲಿಂಗ್ ಕಾರಣ ಇರಬಹುದು, ಎಷ್ಟಿಟ್ಟಿದ್ದೀರಿ?

ಗಂಗಾವತಿ ಅಂಬಿ:
ಆ ಮೂರು 9 ನಂಬರ್ ಕೊಡುತ್ತೀರಾ? ನನ್ನ ಅಂಬಿ ಈಗೀಗ ಎಣ್ಣೆ ಕುಡಿಯುತ್ತಿದೆ, ಪ್ಲಗ್ ಬರೀ ಮಸಿ.

ಕೌಲ್‌ಬಜಾರ್ 800:
ಬೆಣ್ಣೆ ಹಾಗೆ ಹೋಗುತ್ತೆ ಅಂದಿರಲ್ಲ? ಮತ್ತೆ ಅಂಬಿಗೆ ನಾಲ್ಕು ಪ್ಲಗ್ ಬೇಕಲ್ವಾ?